ಸ್ಥಳಚಿತ್ರವೂ ಸ್ಪರ್ಧೆಯೂ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ಕುರಿತ ಒಂದು ವಿಚಾರ

೧

ವಿಶ್ವವಿದ್ಯಾಲಯಗಳ ಯುವಜನೋತ್ಸವಗಳಲ್ಲಿ 'ಸ್ಥಳದಲ್ಲೇ ಚಿತ್ರ ಬರೆಯುವ ಸ್ಪರ್ಧೆ' ಎಂಬುದೊಂದುಂಟು. ಅದರ ನಿಯಮಗಳು ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪರಿಚಿತವಾದುವೇ. ಎರಡೂವರೆ ಗಂಟೆಗೆ ಮೀರದ ಅವಧಿ. ೨೨ ಅಂಗುಲ ಉದ್ದ, ೧೫ ಅಂಗುಲ ಅಗಲದ ಕಾಗದ. ಬಣ್ಣ ಕುಂಚಗಳನ್ನು ಸ್ಪರ್ಧಿಯೇ ತರತಕ್ಕದ್ದು. ಚಿತ್ರದ ವಿಷಯ ಮಾತ್ರ ಸ್ಪರ್ಧೆ ಆರಂಭವಾಗುವ ಹೊತ್ತಿಗೆ ತಿಳಿಯತಕ್ಕದ್ದು. ಸಾಮಾನ್ಯವಾಗಿ ಕೊಠಡಿಯೊಂದರಲ್ಲಿ ಸಾಲಾಗಿ ಕುಳಿತ ಸ್ಪರ್ಧಿಗಳು 'ನದೀತೀರ', 'ಜಾತ್ರೆ', 'ಸುಗ್ಗಿ' ಎಂಬಂಥ ವಿಷಯವನ್ನು ಕೇಳಿ, ನೆನಪಿನಿಂದಲೋ ಕಲ್ಪನೆಯಿಂದಲೋ ಚಿತ್ರ ಬರೆದು, ಗಂಟೆ ಬಾರಿಸಿದೊಡನೆ ಕುಂಚವನ್ನು ಕೆಳಗಿಡುತ್ತಾರೆ. ಸ್ಥಳವೆಂದರೆ ಇಲ್ಲಿ ಸ್ಪರ್ಧೆ ನಡೆಯುವ ಕೊಠಡಿ. ಚಿತ್ರದಲ್ಲಿ ಮೂಡುವ ನದಿಯ ದಡವಲ್ಲ.

ಹೆಸರಿಗೂ ಆಚರಣೆಗೂ ನಡುವೆ ಇರುವ ಈ ಅಂತರ ಮೇಲುನೋಟಕ್ಕೆ ಕ್ಷುಲ್ಲಕವೆನಿಸಬಹುದು. ಆದರೆ ಇತಿಹಾಸದ ಅಭ್ಯಾಸಿಗಳಾದ ನಮಗೆ ಅದು ಎರಡು ಪ್ರಶ್ನೆಗಳನ್ನು ಒಡ್ಡುತ್ತದೆ. ಸ್ಪರ್ಧೆಯ ಗಡಿಯಾರ ಎಲ್ಲಿಂದ ಬಂತು? ಸ್ಥಳವು ಎಲ್ಲಿ ಕಳೆದುಹೋಯಿತು? ಬಯಲಿನಲ್ಲಿ ನಿಂತು, ಕಣ್ಣೆದುರಿಗಿರುವ ನೆಲ, ನೀರು, ಆಕಾಶಗಳನ್ನು ನೋಡುತ್ತ ಅಲ್ಲಿಯೇ ಬರೆದು ಮುಗಿಸುವ ನಿಸರ್ಗಚಿತ್ರವನ್ನು ಪ್ರಕೃತ ಲೇಖನದಲ್ಲಿ ನಾವು 'ಸ್ಥಳಚಿತ್ರ'ವೆಂದು ಕರೆಯುತ್ತೇವೆ. ಇಂಥ ಚಿತ್ರಕ್ಕೆ ಸಮಯದ ಮಿತಿಯನ್ನು ಮೊದಲು ವಿಧಿಸಿದವರು ಸ್ಪರ್ಧೆಯ ವ್ಯವಸ್ಥಾಪಕರಲ್ಲ, ಸೂರ್ಯನೇ ಎಂಬುದನ್ನೂ, ಗಡಿಯಾರವನ್ನು ಉಳಿಸಿಕೊಂಡು ಸ್ಥಳವನ್ನು ಬಿಟ್ಟದ್ದರಿಂದ ಕಲೆಗಾದಷ್ಟೇ ನಷ್ಟ ಇತಿಹಾಸಕ್ಕೂ ಆಗುತ್ತಿದೆಯೆಂಬುದನ್ನೂ ಇಲ್ಲಿ ತೋರಿಸಲು ಯತ್ನಿಸುತ್ತೇವೆ. ನಿದರ್ಶನಕ್ಕಾಗಿ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳನ್ನು ಆರಿಸಿಕೊಂಡಿದ್ದೇವೆ. ಚಿತ್ರಕ್ಕೆ ಒದಗುವಂಥ ಚೆಲುವೇನೂ ಇಲ್ಲವೆಂದು ಸಾಮಾನ್ಯವಾಗಿ ಜನ ಭಾವಿಸುವ ಬಯಲುಸೀಮೆ ಇದು. ಆದುದರಿಂದಲೇ ಇದರ ನಿದರ್ಶನಕ್ಕೆ ಬೆಲೆ ಹೆಚ್ಚು.

೨

ಕಣ್ಣಿಂದ ಕಂಡು ಬರೆಯುವುದಕ್ಕೂ ಮನಸ್ಸಿನಲ್ಲಿ ಕಲ್ಪಿಸಿ ಬರೆಯುವುದಕ್ಕೂ ಇರುವ ಭೇದ ಈ ಸೀಮೆಗೆ ಹೊಸದಲ್ಲ. ಆಳಂದಕ್ಕೆ ಈಶಾನ್ಯದಲ್ಲಿ, ನೆರೆಯ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವು ಒಮ್ಮೆ ಚಾಲುಕ್ಯರ ರಾಜಧಾನಿಯಾಗಿದ್ದಿತು. ಅಲ್ಲಿ ೧೧೨೬ರಿಂದ ೧೧೩೮ರ ವರೆಗೆ ಆಳಿದ ೩ನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವು ೧೧೩೦ರ ಸುಮಾರಿಗೆ ರಚಿತವಾಯಿತು. ಅದರ ಚಿತ್ರಪ್ರಕರಣದಲ್ಲಿ ಗೋಡೆಯ ಸಿದ್ಧತೆ, ವಜ್ರಲೇಪ, ಕುಂಚ, ವರ್ಣಗಳ ವಿಷಯ ಬಂದ ಬಳಿಕ ಚಿತ್ರಗಳ ವಿಂಗಡಣೆ ಬರುತ್ತದೆ. ಕನ್ನಡಿಯಲ್ಲಿಯ ಪ್ರತಿಬಿಂಬದಂತೆ ವಸ್ತುವಿನ ಸಾದೃಶ್ಯವನ್ನು ಹೊಂದಿದುದು 'ವಿದ್ಧ' ಚಿತ್ರ. ಬರೆಯಬೇಕೆಂಬ ಬಯಕೆ ಹುಟ್ಟಿದಾಗ ಕೇವಲ ಆಕಾರಮಾತ್ರವನ್ನು ಸಾಧಿಸಿ ಬರೆದುದು 'ಅವಿದ್ಧ' ಚಿತ್ರ. ಇವಲ್ಲದೆ ರಸಚಿತ್ರ, ಧೂಳಿಚಿತ್ರ ಮೊದಲಾದ ಭೇದಗಳೂ ಅಲ್ಲಿ ಉಕ್ತವಾಗಿವೆ.

ವಿದ್ಧವೆಂಬ ಮಾತಿನ ಆಧಾರದಿಂದ ನಮ್ಮ ಪೂರ್ವಿಕರು ಹೊಲದ ಬದುವಿನ ಮೇಲೆ ನಿಂತು ನಿಸರ್ಗಚಿತ್ರ ಬರೆಯುತ್ತಿದ್ದರೆಂದು ಸಾಧಿಸಹೊರಡುವುದು ಅತಿವ್ಯಾಪ್ತಿಯಾದೀತು. ಮಾನಸೋಲ್ಲಾಸದ ಚಿತ್ರಕಾರನು ಮುಖ್ಯವಾಗಿ ಭಿತ್ತಿಯೆದುರು ನಿಂತವನು. ಅವನ ವಿಷಯ ದೇವತೆಗಳು, ಅರಸರು, ಮನುಷ್ಯಾಕೃತಿಗಳು. ಜೇವರ್ಗಿಯ ನೆರೆಯದಾದ ಸುರಪುರದ ನಾಯಕರ ಆಶ್ರಯದಲ್ಲಿ ಮುಂದೆ ಬೆಳೆದ ಚಿತ್ರಸಂಪ್ರದಾಯವೂ ಬಂಗಾರದ ಲೇಪದಿಂದ ಬೆಳಗುವ, ಒಳಾಂಗಣದಲ್ಲಿ ಕುಳಿತು ಸಾವಧಾನವಾಗಿ ಬರೆದ ಕಲೆಯೇ. ಇಷ್ಟು ಮಾತ್ರ ನಿಶ್ಚಿತ: ಚಿತ್ರವು ಎದುರಿನ ವಸ್ತುವಿಗೆ ಬದ್ಧವಾಗಿರಬಹುದು ಅಥವಾ ಬದ್ಧವಲ್ಲದೆಯೂ ಇರಬಹುದು, ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಎಂಬ ವಿವೇಕ ಕಲ್ಯಾಣದಲ್ಲಿ ಒಂಬತ್ತು ಶತಮಾನಗಳ ಹಿಂದೆಯೇ ಇದ್ದಿತು. ಕೊಠಡಿಯಲ್ಲಿ ನೆನಪಿನಿಂದ ಬರೆದ ನದಿಯನ್ನೂ ನದಿಯೆದುರಿನಲ್ಲಿ ನಿಂತು ಬರೆದ ನದಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಾವು ಈ ವಿವೇಕವನ್ನು ಮರೆತಿದ್ದೇವೆ.

೩

ಬಯಲಿಗೆ ಹೋಗಿ ಬಣ್ಣದಲ್ಲಿ ಚಿತ್ರಿಸುವುದನ್ನು ಒಂದು ಶಿಸ್ತಾಗಿ ವಿವರಿಸಿದವರಲ್ಲಿ ಫ್ರಾನ್ಸಿನ ಪಿಯೆರ್ ಆನ್ರಿ ದ ವಾಲೆನ್ಸಿಯೆನ್ ಪ್ರಮುಖನು. ೧೮೦೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಕೊಟ್ಟ ಸಲಹೆ ನಮ್ಮ ವಿಷಯಕ್ಕೆ ಮೂಲಭೂತವಾದುದು. ನಿಸರ್ಗದ ಎದುರಿನ ಅಭ್ಯಾಸಚಿತ್ರಕ್ಕೆ ಎರಡು ಗಂಟೆಗಳಿಗಿಂತ ಹೆಚ್ಚು ಕಾಲವನ್ನು ತೆಗೆದುಕೊಳ್ಳಬಾರದು. ಸೂರ್ಯೋದಯ ಸೂರ್ಯಾಸ್ತಗಳ ಚಿತ್ರವಾದರೆ ಅರ್ಧ ಗಂಟೆಯೇ ಮಿತಿ. ಈ ಮಿತಿಗೆ ಕಾರಣ ಸರಳವಾಗಿದೆ. ಅಷ್ಟರಲ್ಲಿ ಸೂರ್ಯನು ಚಲಿಸಿರುತ್ತಾನೆ. ನೆರಳುಗಳ ದಿಕ್ಕೂ ಉದ್ದವೂ ಬದಲಾಗಿರುತ್ತವೆ. ಚಿತ್ರದ ಎಡಭಾಗದಲ್ಲಿ ಎಂಟು ಗಂಟೆಯ ಬೆಳಕು, ಬಲಭಾಗದಲ್ಲಿ ಹನ್ನೊಂದು ಗಂಟೆಯ ಬೆಳಕು ಬಂದರೆ ಆ ಚಿತ್ರ ಯಾವ ಹೊತ್ತಿನದೂ ಆಗುವುದಿಲ್ಲ. ಸ್ಥಳಚಿತ್ರದ ಗಡಿಯಾರವೆಂದರೆ ಹೀಗೆ ಬೆಳಕಿನ ಗಡಿಯಾರ.

ಆದರೆ ಅದೇ ಫ್ರಾನ್ಸಿನಲ್ಲಿ ನಿಸರ್ಗಚಿತ್ರಕ್ಕೆ ಏರ್ಪಟ್ಟ ಮೊದಲ ದೊಡ್ಡ ರಾಜಕೀಯ ಬಹುಮಾನದ ಕಥೆ ಬೇರೆ. ರೋಮಿಗೆ ಹೋಗಿ ಅಭ್ಯಾಸ ಮಾಡಲು ಸರ್ಕಾರವು ಕೊಡುತ್ತಿದ್ದ ಪಾರಿತೋಷಕಗಳ ಸಾಲಿಗೆ ಐತಿಹಾಸಿಕ ನಿಸರ್ಗಚಿತ್ರದ ವಿಭಾಗವನ್ನು ಸೇರಿಸಲಾಯಿತು. ೧೮೧೭ರಲ್ಲಿ ಅದನ್ನು ಮೊದಲು ಪಡೆದವನು ವಾಲೆನ್ಸಿಯೆನ್ನನ ಶಿಷ್ಯನಾದ ಮಿಷಲ್ಲೋನ್. ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತಿದ್ದ ಈ ಸ್ಪರ್ಧೆಯ ಒಂದು ಹಂತದಲ್ಲಿ ಅಭ್ಯರ್ಥಿಯು ಮರವೊಂದನ್ನು ನೆನಪಿನಿಂದ ಬರೆದು ತೋರಿಸಬೇಕಾಗಿದ್ದಿತು. ಅಂತಿಮ ಚಿತ್ರವನ್ನು ಪುರಾಣ ಅಥವಾ ಇತಿಹಾಸದ ಪ್ರಸಂಗವನ್ನೊಳಗೊಂಡಂತೆ, ಹೊರಗಿನ ನೆರವಿಗೆ ಎಡೆಯಿಲ್ಲದ ಪ್ರತ್ಯೇಕ ಕೋಣೆಯಲ್ಲಿ ಕುಳಿತು ರಚಿಸಬೇಕಾಗಿದ್ದಿತು. ಕಿಟಕಿಯ ಹೊರಗಿನ ಮರವನ್ನು ನೋಡದೆ ಮರ ಬರೆದವನಿಗೆ ನಿಸರ್ಗಚಿತ್ರದ ಬಹುಮಾನ! ನ್ಯಾಯವಾಗಿ ಹೇಳುವುದಾದರೆ, ಹೊರಗೆ ಹೋಗಿ ಮರಗಳನ್ನು ಕೂಲಂಕಷವಾಗಿ ಅಭ್ಯಸಿಸಿದವನು ಮಾತ್ರ ಈ ಪರೀಕ್ಷೆಯಲ್ಲಿ ಗೆಲ್ಲಬಲ್ಲನೆಂಬ ಉದ್ದೇಶ ಅದರ ಹಿಂದೆ ಇದ್ದಿತು. ಆದರೂ ಪರೀಕ್ಷೆಯ ವಿಧಾನವೇ ವಿದ್ಯೆಯನ್ನು ತಿದ್ದುತ್ತದೆ. ೧೮೬೩ರಲ್ಲಿ ಈ ಬಹುಮಾನವನ್ನು ರದ್ದುಪಡಿಸಿದರು.

ಅಷ್ಟರೊಳಗೆ ಚಿತ್ರಕಾರರು ಬಹುಮಾನದ ಗೊಡವೆಯಿಲ್ಲದೆಯೇ ಬಯಲಿಗೆ ಹೊರಟಿದ್ದರು. ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ೧೮೪೧ರಲ್ಲಿ ಬಣ್ಣ ತುಂಬುವ, ಹಿಸುಕಿದರೆ ಮಡಚಿಕೊಳ್ಳುವ ಲೋಹದ ಟ್ಯೂಬಿಗೆ ಹಕ್ಕುಪತ್ರ ಪಡೆದನು. ಅದಕ್ಕೆ ಮೊದಲು ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿ ಒಯ್ಯುತ್ತಿದ್ದರು. ಅವು ಒಡೆಯುತ್ತಿದ್ದವು, ಬಣ್ಣ ಒಣಗುತ್ತಿತ್ತು. ಟ್ಯೂಬು ಬಂದ ಮೇಲೆ ಹೊಲ, ನದಿ, ರೈಲುನಿಲ್ದಾಣಗಳ ಎದುರಿಗೆ ಈಸಲ್ ಊರುವುದು ಸುಲಭವಾಯಿತು. ೧೮೭೪ರಲ್ಲಿ ಮೊನೆ, ಪಿಸ್ಸಾರೊ ಮೊದಲಾದವರು ಪ್ಯಾರಿಸಿನಲ್ಲಿ ತಾವೇ ಏರ್ಪಡಿಸಿದ ಪ್ರದರ್ಶನ ಈ ಕ್ರಮದ ಫಲ. ಇದರಿಂದ ನಮಗೆ ತಿಳಿಯುವ ಸಂಗತಿಯೆಂದರೆ, ಸ್ಪರ್ಧೆಯೂ ಸ್ಥಳಚಿತ್ರವೂ ಹುಟ್ಟಿನಿಂದ ಗೆಳೆಯರಲ್ಲ. ಅವುಗಳನ್ನು ಒಂದುಗೂಡಿಸಬೇಕಾದರೆ ನಿಯಮಗಳನ್ನು ಎಚ್ಚರದಿಂದ ರೂಪಿಸಬೇಕಾಗುತ್ತದೆ.

೪

ಫ್ರಾನ್ಸಿನಲ್ಲಿ ಈ ಬೆಳವಣಿಗೆ ನಡೆಯುತ್ತಿದ್ದ ಕಾಲಕ್ಕೆ ನಮ್ಮ ಜೇವರ್ಗಿಯ ನೆಲದ ಮೇಲೂ ಒಬ್ಬನು ಕಾಗದ ಹಿಡಿದು ನಿಂತಿದ್ದನು. ಅವನು ಫಿಲಿಪ್ ಮೆಡೋಸ್ ಟೇಲರ್. ೧೮೦೮ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ನಿಜಾಮನ ಸೈನ್ಯವನ್ನು ಸೇರಿದ ಟೇಲರನು ೧೮೪೧ರಿಂದ ೧೮೫೩ರ ವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಕಾದಂಬರಿಕಾರನಾಗಿ ಅವನ ಹೆಸರು ಪ್ರಸಿದ್ಧ. ಚಿತ್ರ ಬರೆಯುವ ಅಭ್ಯಾಸವೂ ಅವನಿಗಿದ್ದಿತು. ದಖ್ಖನಿನ ದೃಶ್ಯಗಳನ್ನು ಕುರಿತ ಅವನ ಚಿತ್ರಗಳ ಶಿಲಾಮುದ್ರಣಗಳು ೧೮೩೭ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದುವು.

ಭೀಮಾನದಿಯ ದಡದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯಲ್ಲಿದ್ದ ಪ್ರಾಚೀನ ಕಲ್ಗುಪ್ಪೆಗಳನ್ನು ಟೇಲರನು ಅಗೆಯಿಸಿ ಪರೀಕ್ಷಿಸಿ, ಅದರ ವಿವರವನ್ನು ೧೮೫೦ರ ದಶಕದ ಆರಂಭದಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಮುಂದೆ ೧೮೬೦ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ವರದಿಗಳಲ್ಲಿ ಇದೇ ವಿಷಯವನ್ನು ಚಿತ್ರಸಹಿತವಾಗಿ ವಿಸ್ತರಿಸಿದನು. ಗೋರಿಯನ್ನು ನೆಟ್ಟಗೆ ಸೀಳಿದರೆ ಮೇಲಿನಿಂದ ಕೆಳಕ್ಕೆ ಕಲ್ಲು, ಮಣ್ಣು, ಅಸ್ಥಿ, ಮಡಕೆಗಳು ಯಾವ ಯಾವ ಪದರದಲ್ಲಿ ಕಾಣುತ್ತವೆಯೆಂಬುದನ್ನು ಅವನು ಛೇದಚಿತ್ರಗಳಲ್ಲಿ ತೋರಿಸಿದನು. ಉತ್ಖನನ ಶಾಸ್ತ್ರದ ಆಚಾರ್ಯರಲ್ಲೊಬ್ಬರಾದ ಮಾರ್ಟಿಮರ್ ವೀಲರ್ ಅವರು ಒಂದು ಶತಮಾನದ ಬಳಿಕ, ೧೯೫೪ರ ತಮ್ಮ ಗ್ರಂಥದಲ್ಲಿ, ಟೇಲರನ ಛೇದಚಿತ್ರಗಳನ್ನು ಅವನ ಕಾಲಕ್ಕೆ ಅಪೂರ್ವವಾದುವೆಂದು ಮೆಚ್ಚಿದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಈ ಗೋರಿಗಳು ಯುರೋಪಿನ ಕೆಲ್ಟ್ ಅಥವಾ ಸಿಥಿಯನ್ ಜನಾಂಗಗಳಿಗೆ ಸಂಬಂಧಿಸಿದುವೆಂಬುದು ಟೇಲರನ ಊಹೆ. ಆ ಊಹೆಯನ್ನು ವಿದ್ವಾಂಸರು ಎಂದೋ ಕೈಬಿಟ್ಟಿದ್ದಾರೆ. ಇವು ದಕ್ಷಿಣ ಭಾರತದ ಕಬ್ಬಿಣಯುಗದ ಬೃಹತ್‌ಶಿಲಾ ಸಮಾಧಿಗಳೆಂಬುದು ಈಗ ಸರ್ವಸಮ್ಮತ. ಸಿದ್ಧಾಂತ ಬಿದ್ದುಹೋಯಿತು, ಚಿತ್ರ ಉಳಿಯಿತು. ತಾನು ನಂಬಿದುದನ್ನು ಬರೆದ ಭಾಗ ಹಳಸಿತು, ಸ್ಥಳದಲ್ಲಿ ನಿಂತು ಕಂಡುದನ್ನು ಬರೆದ ಭಾಗ ಇಂದಿಗೂ ಆಧಾರವಾಗಿದೆ. ಟೇಲರನು ಸ್ಪರ್ಧೆಗಾಗಿ ಬರೆದವನಲ್ಲ, ಜೇವರ್ಗಿಗೆ ನಿಸರ್ಗಚಿತ್ರಕಾರನಾಗಿ ಹೋದವನೂ ಅಲ್ಲ. ಆದರೂ ಸ್ಥಳದಲ್ಲಿ ಬರೆದ ಚಿತ್ರವು ಸಾಕ್ಷ್ಯವಾಗುವ ಬಗೆಯನ್ನು ತಿಳಿಯಲು ಇದಕ್ಕಿಂತ ಸಮೀಪದ ನಿದರ್ಶನ ನಮಗೆ ಬೇಕಾಗಿಲ್ಲ.

೫

ಹಾಗಾದರೆ ಈ ಸೀಮೆಯಲ್ಲಿಯೇ ಹುಟ್ಟಿದ ಚಿತ್ರಕಾರರು ತಮ್ಮ ನೆಲವನ್ನೇಕೆ ವಿಪುಲವಾಗಿ ಬರೆಯಲಿಲ್ಲ? ಇದಕ್ಕೆ ಉತ್ತರವನ್ನು ಅಭಿರುಚಿಯಲ್ಲಿ ಹುಡುಕುವುದಕ್ಕಿಂತ ಆಶ್ರಯದಲ್ಲಿ ಹುಡುಕುವುದು ಯುಕ್ತ. ಆಳಂದ, ಅಫಜಲಪುರಗಳು ನಿಜಾಮನ ಕಾಲದಲ್ಲಿ ಪಾಯಗಾ ಜಹಗೀರಿಗೆ ಸೇರಿದ್ದುವು. ಚಿತ್ರಕಲೆಯ ಕ್ರಮಬದ್ಧ ಶಿಕ್ಷಣ ಬೇಕೆಂಬವರಿಗೆ ದಾರಿ ಇದ್ದುದು ರೈಲಿನದು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೂಲಕ ಬಂದ ರೈಲುದಾರಿ ೧೮೭೧ರಲ್ಲಿ ರಾಯಚೂರಿನಲ್ಲಿ ಮದರಾಸಿನ ದಾರಿಯೊಡನೆ ಕೂಡಿಕೊಂಡಿತು. ಒಂದು ತುದಿಯಲ್ಲಿ ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ. ಜೆ. ಕಲಾಶಾಲೆ, ಇನ್ನೊಂದು ತುದಿಯಲ್ಲಿ ಮದರಾಸಿನ ಕಲಾಶಾಲೆ. ಕಲಬುರಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ವಿದ್ಯಾಭ್ಯಾಸವು ಈ ರೈಲುದಾರಿಯ ನಕ್ಷೆಯಂತೆಯೇ ಇದೆ. ಊರಿನಲ್ಲಿ ಅವರ ಗುರುಗಳು ಆಳಂದದ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಶಂಕರರಾವ್ ಆಳಂದಕರರು. ಬಳಿಕ ಮದರಾಸಿನ ಡಿಪ್ಲೊಮಾ. ಆಮೇಲೆ ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರ ಮತ್ತು ಜೆ. ಜೆ. ಕಲಾಶಾಲೆ.

ಮುಂಬಯಿಯಲ್ಲಿ ನಿಸರ್ಗಚಿತ್ರಕ್ಕೆ ಮನ್ನಣೆ ಇರಲಿಲ್ಲವೆಂದಲ್ಲ. ೧೮೮೮ರಲ್ಲಿ ಆರಂಭವಾದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಗಳಲ್ಲಿ ಪದಕ, ಬಹುಮಾನಗಳಿದ್ದುವು. ಪರಾಂಡೇಕರ, ಹಳದಣಕರ ಮೊದಲಾದವರ ಜಲವರ್ಣಗಳು ಆ ವಾತಾವರಣದಲ್ಲಿ ಬೆಳೆದುವು. ೧೯೩೦ರ ದಶಕದ ಕೊನೆಯಲ್ಲಿ ಅಲ್ಲಿಗೆ ಬಂದ ಆಸ್ಟ್ರಿಯದ ಚಿತ್ರಕಾರ ಲ್ಯಾಂಗ್‌ಹ್ಯಾಮರನು ಎಳೆಯ ಕಲಾವಿದರಿಗೆ ಬಿಸಿಲಿನ ಬಣ್ಣಗಳನ್ನು ನೇರವಾಗಿ ನೋಡುವ ರುಚಿಯನ್ನು ಹತ್ತಿಸಿದನು. ಆದರೆ ಅಲ್ಲಿ ಸ್ಪರ್ಧೆಗೆ ಬರುತ್ತಿದ್ದುದು ಮುಗಿದ ಚಿತ್ರ. ಅದನ್ನು ಎಲ್ಲಿ, ಎಷ್ಟು ಹೊತ್ತಿನಲ್ಲಿ ಬರೆದರೆಂಬುದು ತೀರ್ಪಿನ ವಿಷಯವಲ್ಲ. ಹೊಟ್ಟೆಯ ಪ್ರಶ್ನೆಯಾದರೋ ಬೇರೆ. ಪಂಡಿತರಿಗೆ ದೇಶವ್ಯಾಪಿ ಹೆಸರು ಬಂದುದು ಚಲನಚಿತ್ರಗಳ ಪ್ರಚಾರಚಿತ್ರಗಳಿಂದ, ಪತ್ರಿಕೆಗಳ ಮುಖಪುಟಗಳಿಂದ, ಪುರಾಣಪ್ರಸಂಗಗಳ ಕ್ಯಾಲೆಂಡರುಗಳಿಂದ. ಎರೆಹೊಲದ ಚಿತ್ರಕ್ಕೆ ಮುಂಬಯಿಯಲ್ಲಿ ಗಿರಾಕಿ ಎಲ್ಲಿ?

ಇದಕ್ಕೆ ಪ್ರತಿಯಾಗಿ ದಕ್ಷಿಣ ಕರ್ನಾಟಕದ ಒಂದು ನಿದರ್ಶನವನ್ನು ಇಡಬಹುದು. ಸ್ವಾತಂತ್ರ್ಯ ಹೋರಾಟ, ಪತ್ರಿಕೋದ್ಯಮ, ರಾಜಕಾರಣಗಳಲ್ಲಿ ತೊಡಗಿದ್ದ ರುಮಾಲೆ ಚೆನ್ನಬಸವಯ್ಯನವರು (೧೯೧೦–೧೯೮೮) ಬೆಂಗಳೂರಿನ ಹೂವಿಡುವ ಮರಗಳನ್ನೂ ರಸ್ತೆ ತೋಟಗಳನ್ನೂ ಎದುರಿಗೆ ನಿಂತು ಬರೆದರು. ಅವರು ಬರೆದುದು ಸೌಂದರ್ಯಕ್ಕಾಗಿ. ಆದರೆ ನಗರ ಬೆಳೆದು ಅದರ ಮುಖ ಬದಲಾದ ಮೇಲೆ ಆ ಚಿತ್ರಗಳು ಒಂದು ಕಾಲದ ಬೆಂಗಳೂರಿಗೆ ದಾಖಲೆಯಾಗಿವೆ. ತನ್ನ ಊರನ್ನು ಹೀಗೆ ನೋಡುವವನೊಬ್ಬನಿದ್ದರೆ ಸಾಕು, ಊರಿಗೊಂದು ಸಾಕ್ಷ್ಯ ದೊರೆಯುತ್ತದೆ.

ಹೈದರಾಬಾದ್ ಸಂಸ್ಥಾನವು ೧೯೪೮ರ ಸೆಪ್ಟೆಂಬರ ೧೭ರಂದು ಭಾರತದಲ್ಲಿ ವಿಲೀನವಾಗಿ, ೧೯೫೬ರ ನವೆಂಬರ ೧ರಂದು ಈ ಜಿಲ್ಲೆ ಕನ್ನಡನಾಡಿನಲ್ಲಿ ಒಂದಾಯಿತು. ೧೯೮೦ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಕಲಬುರಗಿಯಲ್ಲಿಯೇ ಈಗ ದೃಶ್ಯಕಲೆಯ ಕಾಲೇಜುಗಳಿವೆ. ಚಿತ್ರ ಕಲಿಯಲು ಮುಂಬಯಿಯ ರೈಲು ಹತ್ತಬೇಕಾದ ನಿರ್ಬಂಧ ಇನ್ನಿಲ್ಲ. ಶಿಕ್ಷಣ ಮನೆಗೆ ಬಂದಿದೆ. ದೃಷ್ಟಿಯೂ ಮನೆಯ ಕಡೆಗೆ ತಿರುಗುವುದು ಉಳಿದಿದೆ.

೬

ಈ ಸೀಮೆಯಲ್ಲಿ ಬರೆಯಲು ಏನಿದೆಯೆಂಬ ಪ್ರಶ್ನೆಗೆ ನೆಲವೇ ಉತ್ತರ ಹೇಳಬೇಕು. ಆಳಂದ, ಅಫಜಲಪುರಗಳದು ದಖ್ಖನಿನ ಕಪ್ಪುಶಿಲೆಯ ಮೇಲೆ ಹರಡಿದ ಎರೆಭೂಮಿ. ಬೆಟ್ಟಸಾಲಿನ ಆಸರೆ ಇಲ್ಲದುದರಿಂದ ಕ್ಷಿತಿಜರೇಖೆ ಕೆಳಗಿಳಿದು ಚಿತ್ರದ ಬಹುಪಾಲು ಆಕಾಶವೇ ಆಗುತ್ತದೆ. ಮೇ ತಿಂಗಳಿನಲ್ಲಿ ಬಿರುಕುಬಿಟ್ಟ ಬರಿಯ ಕಪ್ಪು. ಮುಂಗಾರು ಬಿದ್ದೊಡನೆ ಅದೇ ಮಣ್ಣು ಇನ್ನಷ್ಟು ಕಡುಗಪ್ಪು. ದಸರೆ ದೀಪಾವಳಿಯ ಸುಮಾರಿಗೆ ತೊಗರಿಯ ಹಳದಿ ಹೂವು. ಮಾಗಿಯಲ್ಲಿ ಹಿಂಗಾರಿ ಬಿಳಿಜೋಳದ ಎಳೆಹಸಿರು, ಬಳಿಕ ತೆನೆಯ ಬಿಳುಪು. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆ ತೊಗರಿಯ ಹೊಲಕ್ಕೆ ಚಿತ್ರದಲ್ಲಿ ಗುರುತು ದೊರೆಯಬೇಕಾಗಿದೆ. ಬದುವಿನ ಮೇಲಣ ಜಾಲಿ, ಬೇವಿನ ಗಿಡಗಳು, ಮಣ್ಣಿನ ಮಾಳಿಗೆಮನೆಗಳು, ಹಳೆಯ ಹುಡೆ, ಅಗಸಿಗಳು ಈ ಬಯಲಿನಲ್ಲಿ ಎದ್ದುನಿಲ್ಲುವ ಆಕೃತಿಗಳು.

ನೀರಿನ ಅಂಚಿಗೆ ಬಂದರೆ ದೃಶ್ಯ ಬೇರೆ. ಆಳಂದ ತಾಲೂಕಿನಲ್ಲಿ ಹರಿದು ಬರುವ ಅಮರ್ಜೆಯು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ದತ್ತಕ್ಷೇತ್ರದ ಆ ಸಂಗಮದಲ್ಲಿ ನೀರು, ಮರಳು, ಯಾತ್ರಿಕರ ಸಂದಣಿ ಮೂರೂ ಉಂಟು. ಘತ್ತರಗಿಯ ಭಾಗ್ಯವಂತಿಯ ಗುಡಿ ಅದೇ ಭೀಮೆಯ ದಡದ್ದು. ಇನ್ನೂ ಕೆಳಗೆ ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯ ಬಳಿ, ಬಹಮನಿ ಸುಲ್ತಾನ ಫಿರೋಜಷಹನು ೧೪೦೦ರ ಸುಮಾರಿಗೆ ಕಟ್ಟಿಸಿದ ಫಿರೋಜಾಬಾದಿನ ಕೋಟೆ, ಬಾಗಿಲು, ಮಸೀದಿಗಳ ಅವಶೇಷಗಳು ಹೊಲಗಳ ನಡುವೆ ನಿಂತಿವೆ. ಜಾರ್ಜ್ ಮಿಶೆಲ್ ಮತ್ತು ರಿಚರ್ಡ್ ಈಟನ್ ಅವರು ೧೯೯೨ರಲ್ಲಿ ಈ ನಗರವನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು.

ಇವೆಲ್ಲ ಸ್ಥಿರವಾದುವಲ್ಲ. ಕೋರಹಳ್ಳಿಯಲ್ಲಿ ಅಮರ್ಜೆಗೆ ಅಣೆಕಟ್ಟು ಬಂದಿದೆ. ಸೊನ್ನದಲ್ಲಿ ಭೀಮೆಗೆ ಬ್ಯಾರೇಜು ಬಂದಿದೆ. ನದಿಯ ನೀರಿನ ಮಟ್ಟ, ದಡದ ಬೆಳೆ ಎರಡೂ ಬದಲಾಗಿವೆ. ೨೦೨೦ರ ಅಕ್ಟೋಬರದ ಪ್ರವಾಹದಲ್ಲಿ ಭೀಮೆಯು ದಡದ ಊರುಗಳಿಗೂ ಹೊಲಗಳಿಗೂ ನುಗ್ಗಿತು. ಮಣ್ಣಿನ ಮಾಳಿಗೆಗಳ ಬದಲು ಸಿಮೆಂಟಿನ ಮನೆಗಳು ಏಳುತ್ತಿವೆ. ಅಂಕಿಸಂಖ್ಯೆಗಳು ಕಚೇರಿಯಲ್ಲಿ ಉಳಿಯುತ್ತವೆ. ಆದರೆ ಇಂಥ ಊರು, ಇಂಥ ತಿಂಗಳು, ಇಂಥ ಹೊತ್ತಿನಲ್ಲಿ ನಿಂತವನ ಕಣ್ಣಿಗೆ ಹೇಗೆ ಕಂಡಿತೆಂಬುದು ಅವುಗಳಿಂದ ತಿಳಿಯುವುದಿಲ್ಲ.

ಛಾಯಾಚಿತ್ರ ಇರುವಾಗ ಕೈಯ ಚಿತ್ರವೇಕೆಂದು ಕೇಳಬಹುದು. ಛಾಯಾಚಿತ್ರದ ಬೆಲೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕ್ಯಾಮರಾ ಕ್ಷಣವೊಂದನ್ನು ಆಯ್ಕೆ ಇಲ್ಲದೆ ಹಿಡಿಯುತ್ತದೆ. ಚಿತ್ರ ಬರೆಯುವವನು ಎರಡು ಗಂಟೆಗಳ ಕಾಲ ನೋಡಿ, ಒಂದು ವಸ್ತು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಗುತ್ತದೆಂಬುದನ್ನು ಪ್ರತಿಯೊಂದು ಗೆರೆಯಲ್ಲಿಯೂ ನಿರ್ಣಯಿಸಬೇಕಾಗುತ್ತದೆ. ಟೇಲರನ ಛೇದಚಿತ್ರದಲ್ಲಿ ಮಣ್ಣಿನ ಪದರಗಳು ಬೇರೆ ಬೇರೆಯಾಗಿ ತೋರುವುದು ಆ ನಿರ್ಣಯದ ಫಲ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಉತ್ತಮವಾದ ನೋಟದ ಶಿಕ್ಷಣವಿಲ್ಲ. ಅವನು ಉತ್ತಮ ಚಿತ್ರಕಾರನಾಗದಿದ್ದರೂ ಚಿಂತೆಯಿಲ್ಲ; ಎರಡು ಗಂಟೆ ಒಂದು ಹುಡೆಯನ್ನು ನೋಡಿದವನು ಅದರ ಕಲ್ಲುಗಳ ಸಾ‍ಲನ್ನು ಮರೆಯಲಾರನು.

೭

ಈ ದೃಷ್ಟಿಯಿಂದ ಸ್ಪರ್ಧೆಯನ್ನು ತಿರಸ್ಕರಿಸುವುದು ನಮ್ಮ ಉದ್ದೇಶವಲ್ಲ. ಬಹುಮಾನವಿಲ್ಲದಿದ್ದರೆ ಬಹುಶಃ ಎಷ್ಟೋ ವಿದ್ಯಾರ್ಥಿಗಳು ಕುಂಚವನ್ನೇ ಹಿಡಿಯರು. ಪ್ರಶ್ನೆ ಇರುವುದು ನಿಯಮಗಳಲ್ಲಿ. ಹೊರದೇಶಗಳಲ್ಲಿ ಇಂದು ನಡೆಯುವ ಬಯಲುಚಿತ್ರ ಸ್ಪರ್ಧೆಗಳಲ್ಲಿ ಒಂದು ಕ್ರಮವಿದೆ: ಸ್ಪರ್ಧೆಗೆ ಮೊದಲು ಪ್ರತಿಯೊಬ್ಬರ ಖಾಲಿ ಕ್ಯಾನ್ವಾಸಿನ ಹಿಂಬದಿಗೆ ವ್ಯವಸ್ಥಾಪಕರು ಮುದ್ರೆಯೊತ್ತುತ್ತಾರೆ. ಮನೆಯಲ್ಲಿ ಮೊದಲೇ ಬರೆದ ಚಿತ್ರವನ್ನು ತಂದೊಪ್ಪಿಸಲು ಇದರಿಂದ ಅವಕಾಶವಿರುವುದಿಲ್ಲ. ಸ್ಪರ್ಧಿಗಳು ಗೊತ್ತುಮಾಡಿದ ಪ್ರದೇಶದೊಳಗೆ ತಮಗೆ ಬೇಕಾದ ಜಾಗವನ್ನು ಆರಿಸಿಕೊಂಡು ಬರೆದು, ಗೊತ್ತಾದ ಸಮಯಕ್ಕೆ ತಂದೊಪ್ಪಿಸುತ್ತಾರೆ. ಕೊಠಡಿಯಿಲ್ಲದೆಯೂ ನ್ಯಾಯವನ್ನು ಕಾಪಾಡಬಹುದೆಂಬುದಕ್ಕೆ ಇದೇ ಪ್ರಮಾಣ.

ಇದನ್ನು ನಮ್ಮ ಮೂರು ತಾಲೂಕುಗಳ ಕಾಲೇಜುಗಳು ಅನುಸರಿಸುವುದು ಕಷ್ಟವಲ್ಲ. ನವೆಂಬರದಿಂದ ಜನವರಿಯ ವರೆಗಿನ ಕಾಲ ಇದಕ್ಕೆ ಉತ್ತಮ. ಬೇಸಗೆಯ ಬಿಸಿಲಿನಲ್ಲಿ ಜಲವರ್ಣದ ಲೇಪ ಕಾಗದಕ್ಕೆ ತಾಗಿದೊಡನೆಯೇ ಒಣಗಿ ಗೆರೆಗಟ್ಟುತ್ತದೆ. ನಡುಹಗಲಿನಲ್ಲಿ ನೆರಳೇ ಇಲ್ಲದೆ ಬಯಲು ಚಪ್ಪಟೆಯಾಗುತ್ತದೆ. ಮಾಗಿಯ ಬೆಳಿಗ್ಗೆ ಏಳರಿಂದ ಒಂಬತ್ತು, ಅಥವಾ ಸಂಜೆ ನಾಲ್ಕರಿಂದ ಸೂರ್ಯಾಸ್ತದ ವರೆಗೆ ಉದ್ದನೆಯ ನೆರಳು ದೊರೆಯುತ್ತದೆ. ಎರಡು ಗಂಟೆಯ ಮಿತಿಗೆ ಆಗ ಅರ್ಥ ಬರುತ್ತದೆ. ಗಾಣಗಾಪುರದ ಸಂಗಮ, ಆಳಂದದ ಲಾಡ್ಲೆ ಮಶಾಕರ ದರ್ಗಾದ ಸುತ್ತಿನ ಓಣಿಗಳು, ಜೇವರ್ಗಿ ದಾರಿಯ ಭೀಮಾದಡ, ಇಲ್ಲವೆ ಕಾಲೇಜಿನ ಹಿಂದಣ ತೊಗರಿಹೊಲ, ಯಾವುದಾದರೂ ಸರಿಯೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಚಿತ್ರದ ಹಿಂಬದಿಗೆ ಊರು, ನಿಂತ ಜಾಗ, ನೋಡಿದ ದಿಕ್ಕು, ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಹೊತ್ತು, ಹೊಲದಲ್ಲಿದ್ದ ಬೆಳೆ ಇಷ್ಟನ್ನು ಬರೆಯಿಸತಕ್ಕದ್ದು. ಗೆದ್ದ ಚಿತ್ರಗಳನ್ನಷ್ಟೇ ಅಲ್ಲ, ಎಲ್ಲ ಚಿತ್ರಗಳನ್ನೂ ಕಾಲೇಜಿನ ಇತಿಹಾಸ ವಿಭಾಗದಲ್ಲಿ ಕಾಪಿಡತಕ್ಕದ್ದು. ವರ್ಷಂಪ್ರತಿ ಅದೇ ಜಾಗಕ್ಕೆ ಮರಳಿದರೆ ಹತ್ತು ವರ್ಷಗಳಲ್ಲಿ ಆ ಜಾಗದ ಚರಿತ್ರೆಯೇ ನಮ್ಮ ಕೈಯಲ್ಲಿರುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ನಾವು ಬಲ್ಲೆವು. ಕೊಠಡಿಯಲ್ಲಿ ಎಲ್ಲರಿಗೂ ಒಂದೇ ಬೆಳಕು, ಒಂದೇ ವಿಷಯ. ಬಯಲಿನಲ್ಲಿ ಒಬ್ಬನಿಗೆ ನೆರಳಿನ ಜಾಗ, ಇನ್ನೊಬ್ಬನಿಗೆ ಬಿಸಿಲು ದೊರೆತೀತು. ನಿಜ. ಆದರೆ ಜಾಗವನ್ನು ಆರಿಸುವುದು ಈ ವಿದ್ಯೆಯ ಮೊದಲ ಪರೀಕ್ಷೆಯೇ ಆಗಿರುವುದರಿಂದ ಅದನ್ನು ಸ್ಪರ್ಧಿಗೇ ಬಿಡುವುದು ಅನ್ಯಾಯವಲ್ಲ. ವಿದ್ಯಾರ್ಥಿನಿಯರು ಹೊತ್ತಲ್ಲದ ಹೊತ್ತಿನಲ್ಲಿ ದೂರದ ದಡಕ್ಕೆ ಹೋಗಿಬರುವುದು ಹೇಗೆಂಬ ಆಕ್ಷೇಪ ಹೆಚ್ಚು ತೂಕದ್ದು. ಅಂಥಲ್ಲಿ ವಾಹನದ ವ್ಯವಸ್ಥೆಯೂ ಅಧ್ಯಾಪಕಿಯರ ಜೊತೆಯೂ ಇರಲೇಬೇಕು. ಅದು ಸಾಧ್ಯವಾಗದಿದ್ದರೆ ಸಮೀಪದ ಜಾಗವನ್ನೇ ಆರಿಸತಕ್ಕದ್ದು. ಸ್ಥಳವೆಂದರೆ ಪ್ರಸಿದ್ಧ ಕ್ಷೇತ್ರವೇ ಆಗಬೇಕೆಂದಿಲ್ಲ. ಕಾಲೇಜಿನ ಗೇಟಿನ ಹೊರಗಿನ ಬೇವಿನ ಗಿಡವೂ ಸ್ಥಳವೇ.

ಜೇವರ್ಗಿಯ ಕಲ್ಗುಪ್ಪೆಗಳನ್ನು ಹೊರಗಿನಿಂದ ಬಂದವನೊಬ್ಬನು ಬರೆದಿಟ್ಟು ಒಂದೂವರೆ ಶತಮಾನಕ್ಕಿಂತ ಹೆಚ್ಚು ಕಾಲ ಸಂದಿದೆ. ಆ ನೆಲದಲ್ಲಿಯೇ ಹುಟ್ಟಿ, ಆ ಜೋಳವನ್ನೇ ಉಂಡು ಬೆಳೆದ ಹುಡುಗ ಹುಡುಗಿಯರು ಇಂದು ನಮ್ಮ ತರಗತಿಗಳಲ್ಲಿದ್ದಾರೆ. 'ನದೀತೀರ'ವೆಂಬ ಚೀಟಿಯನ್ನು ಅವರ ಕೈಗೆ ಕೊಟ್ಟು ಬಾಗಿಲು ಮುಚ್ಚುವ ಬದಲು, ಬಾಗಿಲು ತೆರೆದು ಭೀಮೆಯ ದಡಕ್ಕೆ ಅವರನ್ನು ಕರೆದೊಯ್ಯುವುದು ಅಧ್ಯಾಪಕರಾದ ನಮ್ಮೆಲ್ಲರ ಕೈಯಲ್ಲಿದೆ. ಹಾಗೆ ಮಾಡಿದಲ್ಲಿ ಬಹುಮಾನ ಒಬ್ಬರಿಗೋ ಇಬ್ಬರಿಗೋ ದೊರೆತರೂ, ಉಳಿದ ಚಿತ್ರಗಳೆಲ್ಲ ಈ ಸೀಮೆಯ ಇತಿಹಾಸಕ್ಕೆ ಸಲ್ಲುತ್ತವೆ.